ಮದುಮಗನನ್ನು ಹೊತ್ತು ಓಡಿದ ರೇಸ್ ಕುದುರೆ

ನಮ್ಮದು ಮಧುಗಿರಿ ಸೀಮೆಯ ಹಳೆಯ ಪಾಳೇಗಾರರ ಮನೆತನ. ಪಾಳೆಯಪಟ್ಟು ಹೋಗಿ ತಲೆಮಾರುಗಳಾದರೂ ಜನ ನನ್ನನ್ನು ಈಗಲೂ ದೊರೆಸಾನಿ ಅನ್ನುತ್ತಾರೆ. ಬೇಡ ಅನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ನನ್ನ ಓರಗೆಯವರು ಒಡವೆ ಮಾಡಿಸಿಕೊಂಡರು. ನಾನು ಕುದುರೆ ಕೊಂಡು ಬೆಂಗಳೂರಿನ ರೇಸಿನಲ್ಲಿ ಓಡಿಸಿದೆ. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು, ಆದರೆ ಖುಷಿಗೇನೂ ಕೊರತೆಯಾಗಲಿಲ್ಲ.

ಕೊನೆಗೆ ಉಳಿದದ್ದು ಒಂದೇ ಒಂದು ಕಂದು ಬಣ್ಣದ ಹೆಣ್ಣು ಕುದುರೆ. ಓಟ ನಿಲ್ಲಿಸಿದ ಮೇಲೆ ಅದನ್ನು ತೋವಿನಕೆರೆ ಹತ್ತಿರದ ನಮ್ಮ ತೋಟಕ್ಕೆ ತಂದೆ. ಅಣ್ಣನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ.

"ಉಳಾಕಿಲ್ಲ, ಹಾಲು ಕೊಡಾಕಿಲ್ಲ. ನನ್ ದೊಡ್ ಮಗಳ ಮದ್ವೆ ಮುಗೀಲಿ, ಯಾರಿಗಾದ್ರೂ ಕೊಟ್ಬುಡು," ಎಂದ.

ನಮ್ಮ ಮನೆತನದಲ್ಲಿ ಮದುಮಗ ಕುದುರೆ ಏರಿಯೇ ಮಂಟಪಕ್ಕೆ ಬರಬೇಕು. ಮದುವೆ ಶಿರಾದಲ್ಲಿತ್ತು. ಬಾಡಿಗೆ ಕುದುರೆ ಯಾಕೆ, ನಮ್ಮದೇ ಇದೆಯಲ್ಲ ಎಂದು ಹಟ ಹಿಡಿದೆ. ಅದರ ಉಪಯೋಗ ತೋರಿಸಿದರೆ ಅಣ್ಣ ಮೆತ್ತಗಾದಾನು ಎಂಬ ಆಸೆ ನನಗೆ.

ಬೆಳಿಗ್ಗೆ ದೇವಸ್ಥಾನದಿಂದ ಮೆರವಣಿಗೆ ಹೊರಟಿತು. ಹುಡುಗನ ಸ್ನೇಹಿತರು ತಮಟೆಗೆ ಕುಣಿಯುತ್ತ ಮುಂದಕ್ಕೇ ಸಾಗುತ್ತಿರಲಿಲ್ಲ. ಮುಹೂರ್ತ ಮೀರುತ್ತದೆಂದು ಮಂಟಪದಿಂದ ಅಣ್ಣ ಫೋನಿನ ಮೇಲೆ ಫೋನು ಮಾಡುತ್ತಿದ್ದ. ತಮಟೆಗೂ ಕೇಕೆಗೂ ಕುದುರೆ ಕಿವಿಯನ್ನೂ ಆಡಿಸಲಿಲ್ಲ. ಅಷ್ಟರಲ್ಲಿ ಪಕ್ಕದ ಅಂಗಡಿಯವನು ಶಟರ್ ಎತ್ತಿದ. ಧಡಾರ್!

ರೇಸಿನಲ್ಲಿ ಗೇಟು ತೆರೆಯುವಾಗ ಬರುವುದೂ ಇದೇ ಸದ್ದು. ಕುದುರೆ ಒಂದೇ ನೆಗೆತಕ್ಕೆ ಹಾರಿತು. ಹುಡುಗ ಅದರ ಕುತ್ತಿಗೆ ತಬ್ಬಿಕೊಂಡ. ನಾನು ರೇಷ್ಮೆ ಸೀರೆ ಎತ್ತಿ ಕಟ್ಟಿ ಹಿಂದೆಯೇ ಓಡಿದೆ. ಅವನು ಬಿದ್ದರೆ ಮದುವೆಯೂ ಹೋಯಿತು, ಕುದುರೆಯೂ ಹೋಯಿತು ಎಂದು ಜೀವ ಬಾಯಿಗೆ ಬಂದಿತ್ತು.

ಏದುಸಿರು ಬಿಡುತ್ತ ಮಂಟಪ ಮುಟ್ಟಿದರೆ, ಕುದುರೆ ತನ್ನನ್ನು ತೋಟದಿಂದ ತಂದು ಅಲ್ಲೇ ಇಳಿಸಿದ್ದ ಲಾರಿಯ ಪಕ್ಕ ನಿಂತು ಹುಲ್ಲು ಮೇಯುತ್ತಿತ್ತು. ಪೇಟ ಕಳೆದುಕೊಂಡ ಹುಡುಗ ಇನ್ನೂ ಅದರ ಮೇಲೆಯೇ ಇದ್ದ. ಅಣ್ಣ ಕೆಂಡಾಮಂಡಲವಾಗಿ ಬಾಯಿ ತೆರೆದ. ಅವನಿಗಿಂತ ಮೊದಲು ಹುಡುಗನ ಅಜ್ಜಿ ಮಾತಾಡಿದರು.

"ನಮ್ ವಂಶದಾಗೆ ಮೂರ್ತಕ್ಕೆ ಮುಂಚೆ ಬಂದ ಗಂಡು ಇವ್ನೊಬ್ನೇ ಕಣಮ್ಮ! ಇವ್ನ ತಾತ ಬರೋ ಹೊತ್ಗೆ ನಾನು ಹಸೆಮಣೆ ಮೇಲೆ ತೂಕಡಿಸ್ತಿದ್ದೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು, ಅಣ್ಣನೊಬ್ಬನನ್ನು ಬಿಟ್ಟು. ಧಾರೆ ಮುಗಿದ ಮೇಲೆ ಅವನು ತಾಂಬೂಲದ ತಟ್ಟೆಯಿಂದ ಬಾಳೆಹಣ್ಣು ತೆಗೆದುಕೊಂಡು ಲಾರಿಯ ಹತ್ತಿರ ಹೋದ. ಕೈಯನ್ನು ಆದಷ್ಟೂ ಮುಂದೆ ಚಾಚಿ, ಮುಖ ಅತ್ತ ತಿರುಗಿಸಿಕೊಂಡು, ಹೆದರುತ್ತ ಹೆದರುತ್ತ ತಿನ್ನಿಸಿದ.

"ಇದ್ನ ಎಲ್ಲಿಗೂ ಕಳಿಸ್ಬ್ಯಾಡ ಕಣಮ್ಮ," ಎಂದ. "ಚಿಕ್ಕೋಳ ಮದ್ವೆಗೂ ಬೇಕಾಗ್ತದೆ."

ಅವನ ಚಿಕ್ಕ ಮಗಳು ಆಗಿನ್ನೂ ಎಂಟನೇ ಕ್ಲಾಸು. ನಾನು ಲಾರಿಗೆ ಒರಗಿ ನಿಂತು ಗಳಗಳನೆ ಅತ್ತುಬಿಟ್ಟೆ.