ಶಂಶಾಬಾದಿನಾಚೆಯ ಕೆರೆಗೆ ದರ ಕಟ್ಟಿದ ಬೇಸಿಗೆ

ತೆಲಂಗಾಣ ರಾಜ್ಯವಾಗಿ ಕೆಲವು ವರ್ಷಗಳಾಗಿದ್ದವು. ನಾನಾಗ ತಾರ್ನಾಕದ ಒಂದು ನೀರಾವರಿ ಸಲಹಾ ಸಂಸ್ಥೆಯಲ್ಲಿ ಹಿರಿಯ ಅರ್ಥಶಾಸ್ತ್ರಜ್ಞೆ. ಶಂಶಾಬಾದಿನಾಚೆಯ ಒಂದು ಕೆರೆಯ ನೀರಿಗೆ ದರ ನಿಗದಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಆ ಕೆರೆಯಿಂದ ಗದ್ದೆಗೆ ನೀರು ಪಡೆಯುತ್ತಿದ್ದ ರೈತರು ಬೇಸಿಗೆಯ ಭತ್ತ ಬಿಟ್ಟು, ತಮ್ಮ ಪಾಲಿನ ನೀರನ್ನು ಬೋರ್‌ವೆಲ್ ಬತ್ತಿದ್ದ ಹೊಸ ಬಡಾವಣೆಗಳಿಗೆ ಮಾರಲು ಒಪ್ಪಿದ್ದರು. ನಮ್ಮ ವೃತ್ತಿಯಲ್ಲಿ ಇದಕ್ಕೆ ವಾಟರ್ ಟ್ರಾನ್ಸ್‌ಫರ್ ಎನ್ನುತ್ತೇವೆ. ಕೆರೆಯಲ್ಲಿ ಕನಿಷ್ಠ ನೀರು ಉಳಿಯಬೇಕೆಂದು ವರದಿಯಲ್ಲಿ ಬರೆದಿದ್ದೆ. ಎಷ್ಟು ಎಂಬುದನ್ನು ಆಮೇಲೆ ನೋಡೋಣವೆಂದು ಒಪ್ಪಂದ ಮಾಡಿಕೊಂಡವರು ಮುಂದೂಡಿದರು. ಅದನ್ನು ಹಾಗೇ ಬಿಟ್ಟೆನಲ್ಲ ಎಂಬ ಅಳುಕು ನನ್ನನ್ನು ಬಿಡಲಿಲ್ಲ.

ಕೆರೆಯಿಂದ ಟ್ಯಾಂಕರ್‌ಗಳಿಗೆ ನೀರೆತ್ತುವ ಪಂಪು ಶುರುವಾದ ಕೆಲವೇ ದಿನಕ್ಕೆ ನಮ್ಮ ಫೀಲ್ಡ್ ಎಂಜಿನಿಯರ್, ಕಲಬುರಗಿಯ ಬಸವರಾಜ್ ಫೋನ್ ಮಾಡಿದರು.

"ಮೇಡಮ್, ಮೀನು ಮ್ಯಾಲೆ ಬಂದು ಬಾಯಿ ಬಿಡಾಕತ್ತಾವ್ರಿ. ಲಗೂನ ಬರ್ರಿ."

ಹೋದಾಗ, ಬೇಸಿಗೆಗೆ ಮೊದಲೇ ಇಳಿದಿದ್ದ ಕೆರೆಯ ಅರ್ಧಭಾಗ ಕೆಸರಾಗಿತ್ತು. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ಮೀಟರಿನ ಅಂಕಿ ಇಳಿಯುತ್ತಲೇ ಇತ್ತು. ಏರಿಯ ಮೇಲೆ ಟ್ಯಾಂಕರ್‌ಗಳ ಸಾಲು. ಮೀನುಗಾರರ ಸಂಘದ ಲಕ್ಷ್ಮಮ್ಮ ತೆಲುಗಿನಲ್ಲಿ ಕೇಳಿದರು, "ಈ ಕೆರೆಗೆ ಮೀನಿನ ಮರಿ ಬಿಟ್ಟವರು ನಾವಮ್ಮಾ. ನಮ್ಮನ್ನ ಒಂದು ಮಾತಾದರೂ ಕೇಳಿದಿರಾ?"

ರೈತರ ಮುಖಂಡ ನರಸಿಂಹ ಅಡ್ಡ ಬಂದ. "ಪಂಪು ನಿಂತರೆ ನಮಗೆ ಭತ್ತವೂ ಇಲ್ಲ, ನೀರಿನ ದುಡ್ಡೂ ಇಲ್ಲ."

ಇಬ್ಬರದೂ ನ್ಯಾಯವೇ. ಬಡಾವಣೆಯ ಮನೆಗಳಲ್ಲಿ ಮಕ್ಕಳಿದ್ದರು, ಮುದುಕರಿದ್ದರು. ಒಪ್ಪಂದದ ಉಸ್ತುವಾರಿ ಹೊತ್ತಿದ್ದ ಸರ್ಕಾರಿ ಅಧಿಕಾರಿಗೆ ಫೋನ್ ಮಾಡಿ, ಪಂಪು ನಿಲ್ಲಿಸಬೇಕೆಂದೆ. "ಬರೆದುಕೊಡಿ, ಹೊಣೆ ನಿಮ್ಮದು" ಎಂದರು. ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು ಬರೆದು ಸಹಿ ಹಾಕಿದೆ. ಪಂಪು ನಿಂತಿತು. ಬಡಾವಣೆಯವರು ದೂರದಿಂದ ದುಬಾರಿ ನೀರು ತರಿಸಿಕೊಂಡರು. ನನಗೆ ಬೈಗುಳದ ಕರೆಗಳು ಬಂದವು. ಕೆಸರಿನ ಕಡೆಯ ಮೀನು ಸತ್ತವು, ತೂಬಿನ ಬಳಿಯ ಆಳದಲ್ಲಿದ್ದವು ಬದುಕಿದವು.

ಒಪ್ಪಂದವನ್ನು ತಿದ್ದಲು ಸೇರಿದ ಸಭೆಗೆ ಮೀನುಗಾರರನ್ನೂ ಕರೆಸಿದೆ. ತೂಬಿನ ಕಲ್ಲಿನ ಮೇಲೆ ಒಂದು ಗುರುತು ಕೊರೆದೆವು. ಅದರ ಕೆಳಗಿನ ನೀರು ಮಾರಾಟಕ್ಕಿಲ್ಲ. ಮೇಲಿನದಕ್ಕೆ ದರ ಏರಿಸಿ, ಅದರಲ್ಲೊಂದು ಪಾಲನ್ನು ಮೀನುಗಾರರ ನಷ್ಟಕ್ಕೆ ಇಟ್ಟೆವು. ನರಸಿಂಹ ಸಹಿ ಹಾಕಿದ, ನನ್ನ ಮುಖ ನೋಡಲಿಲ್ಲ.

ಅಂದಿನಿಂದ ಯಾರೇ ನೀರಿಗೆ ದರ ಕೇಳಿದರೂ, ಕೆರೆಗೇ ಬೇಕಾದದ್ದೆಷ್ಟು ಎಂದು ಮೊದಲು ಕೇಳುತ್ತೇನೆ. ಉತ್ತರ ಬರುವವರೆಗೆ ಲೆಕ್ಕಕ್ಕೆ ಕೂರುವುದಿಲ್ಲ. ಇದರಿಂದ ಕೆಲವು ಕೆಲಸಗಳು ಕೈತಪ್ಪಿವೆ, ತಪ್ಪಲಿ.