ಹನ್ನೊಂದು ಗಂಟೆಯ ಪ್ರಶ್ನೆಗಳು

ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರು ತೀರಿಕೊಂಡು ಎರಡು ವಾರವಾದ ಮೇಲೆ ನಮ್ಮ ಆಫೀಸಿನ ಮಾಲೀಕರು ಅವರ ಲ್ಯಾಪ್‌ಟಾಪ್ ತಂದು ನನ್ನ ಮೇಜಿನ ಮೇಲೆ ಇಟ್ಟರು.

"ಅರ್ಧಕ್ಕೆ ನಿಂತ ಕೆಲಸ ಎಲ್ಲಾ ಇದರಾಗೆ ಐತೆ. ನೀವೇ ಮುಂದುವರಿಸ್ರಿ ಮೇಡಂ. ಬೇರೆ ಯಾರಿಗೂ ತಿಳಿಯಂಗಿಲ್ಲ" ಎಂದರು.

ಎರಡು ದಿನ ನಾನು ಅದನ್ನು ತೆರೆಯಲಿಲ್ಲ.

ದಾವಣಗೆರೆಯಲ್ಲಿರುವ ನಮ್ಮದು ಸಣ್ಣ ಆಫೀಸು. ಅಕ್ಕಿ ಗಿರಣಿಗಳ ವೇಬ್ರಿಡ್ಜ್‌ಗೆ, ಅಂದರೆ ಲಾರಿ, ಟ್ರ್ಯಾಕ್ಟರುಗಳನ್ನು ಸರಕಿನ ಸಮೇತ ತೂಗುವ ಕಟ್ಟೆಗೆ, ಸಾಫ್ಟ್‌ವೇರ್ ಬರೆಯುವುದು ಕೆಲಸ. ಡಿಪ್ಲೊಮಾ ಮುಗಿಸಿ ಬಂದ ನನಗೆ ಕೆಲಸ ಕಲಿಸಿದವರು ಅವರು. ದಿನಾ ಹರಿಹರದಿಂದ ಬಸ್ಸಿಗೆ ಬರುತ್ತಿದ್ದರು. ನಾನು ಅವರನ್ನು ಅಣ್ಣಾರೆ ಎನ್ನುತ್ತಿದ್ದೆ. ಹದಿನಾರು ವರ್ಷ ಒಂದೇ ಕೋಣೆಯಲ್ಲಿ ಕೂತಿದ್ದೆವು.

ಅವರದೊಂದು ಪದ್ಧತಿ ಇತ್ತು. ಬೆಳಿಗ್ಗೆ ಹನ್ನೊಂದಕ್ಕೆ ಟೀ ಬಂದಾಗ, ಹಿಂದಿನ ದಿನ ಬದಲಾಯಿಸಿದ ಕೋಡನ್ನು ಇನ್ನೊಬ್ಬರಿಗೆ ಕನ್ನಡದಲ್ಲಿ ಓದಿ ಹೇಳಬೇಕು. ಕೇಳುವವರು "ಯಾಕ?" ಎಂದು ಕೇಳುತ್ತಾ ಹೋಗಬೇಕು. ಉತ್ತರವಿಲ್ಲದ ಸಾಲು ಗಿರಣಿಗೆ ಹೋಗುವಂತಿಲ್ಲ. ಮೊದಲ ವರ್ಷ ಒಮ್ಮೆ ನಾನು, "ಮೊದಲಿಂದ ಹಂಗೇ ಇತ್ತು ಅಣ್ಣಾರೆ" ಎಂದೆ.

"ಮೊದಲಿಂದ ನಾನೂ ದಪ್ಪ ಅದೀನಿ. ಅದು ಕಾರಣ ಆತೇನು?" ಎಂದರು.

ಎರಡು ವರ್ಷದ ಹಿಂದೆ ಏಜೆಂಟ್ ಬಂತು. ಏನು ಬೇಕೆಂದು ಮಾತಿನಲ್ಲಿ ಹೇಳಿದರೆ ತಾನೇ ಕಡತಗಳನ್ನು ಹುಡುಕಿ, ಕೋಡ್ ಬರೆದು, ಪರೀಕ್ಷಿಸಿಯೂ ಕೊಡುವ ಎ.ಐ. ಒಂದು ವಾರದ ಕೆಲಸ ಊಟದ ಹೊತ್ತಿಗೆ ಮುಗಿಯತೊಡಗಿತು. ನಾನು ಬರೆಯುವುದು ಕಡಿಮೆಯಾಗಿ, ಓದಿ ಒಪ್ಪಿಗೆ ಕೊಡುವುದೇ ದಿನದ ಕೆಲಸವಾಯಿತು. ಸಂಜೆ ಕಣ್ಣು ಉರಿಯುತ್ತಿತ್ತು. ಇವತ್ತು ನಾನು ಮಾಡಿದ್ದು ಇದು ಎಂದು ತೋರಿಸಲು ಮಾತ್ರ ಏನೂ ಇರುತ್ತಿರಲಿಲ್ಲ.

"ಬರೀಲಿ ಬಿಡು ತಂಗೀ" ಎಂದಿದ್ದರು ಅವರು. "ಬೈಯಾಕೆ ಗಿರಣಿಯವರು ಫೋನ್ ಮಾಡೋದು ಅದಕ್ಕಲ್ಲ, ನಮಗೆ. ಹನ್ನೊಂದು ಗಂಟೆಯದು ಮಾತ್ರ ನಿಲ್ಲಿಸಾದು ಬ್ಯಾಡ."

ನಿಲ್ಲಿಸಲಿಲ್ಲ. ಮಿಕ್ಕಿದ್ದೆಲ್ಲ ಬದಲಾದರೂ ಆ ಅರ್ಧ ಗಂಟೆ ನಮ್ಮದಾಗಿಯೇ ಉಳಿದಿದೆ ಎಂದುಕೊಂಡಿದ್ದೆ. ಕೊನೆಯ ವರ್ಷವಂತೂ ಅವರ ಪ್ರಶ್ನೆಗಳು ಇನ್ನೂ ಚುರುಕಾಗಿದ್ದವು. ಒಂದು ಚೀಟಿಯಲ್ಲಿ ಬರೆದುಕೊಂಡು ಬರುತ್ತಿದ್ದರು.

"ಏನ್ ಅಣ್ಣಾರೆ, ಪರೀಕ್ಷೆ ಮೇಷ್ಟ್ರಂಗೆ ಚೀಟಿ ತರ್ತೀರಲ್ಲ?" ಎಂದು ರೇಗಿಸಿದ್ದೆ.

"ವಯಸ್ಸಾತವ್ವ" ಎಂದು ಚೀಟಿಯನ್ನು ಅಂಗೈಯಲ್ಲಿ ಮಡಚಿಕೊಂಡರು.

ಹೋದ ಮಳೆಗಾಲಕ್ಕೆ ಮುಂಚೆ ಏಜೆಂಟ್ ಹಳೆಯ ನಿಯಮವೊಂದನ್ನು ತೆಗೆಯಬಹುದು ಎಂದು ಸೂಚಿಸಿತು. ಗಾಡಿಯ ಖಾಲಿ ತೂಕ ಅದರ ಮಾಮೂಲಿ ತೂಕಕ್ಕಿಂತ ಜಾಸ್ತಿ ಬಂದರೆ ತೂಕದ ಚೀಟಿ ಕೊಡದೆ ನಿಲ್ಲಿಸಿ, ಕಟ್ಟೆಯ ಆಪರೇಟರನ್ನು ಕೇಳುವ ನಿಯಮ. ನಾನು ಸೇರುವ ಮುಂಚೆಯೇ ಅವರು ಬರೆದದ್ದು. ಕಾರಣ ಎಲ್ಲೂ ಬರೆದಿರಲಿಲ್ಲ. ನಾನು ತೆಗೆದೆ. ಕಾರಣವಿದ್ದರೆ ಹನ್ನೊಂದಕ್ಕೆ ಅವರು ಹಿಡಿಯುತ್ತಾರೆ ಎಂಬ ಧೈರ್ಯದಿಂದಲೇ ತೆಗೆದೆ. ಓದಿ ಹೇಳಿದೆ. ಅವರು ಚೀಟಿ ನೋಡಿ ಐದು ಪ್ರಶ್ನೆ ಕೇಳಿದರು. ಆ ನಿಯಮದ ಬಗ್ಗೆ ಒಂದೂ ಇರಲಿಲ್ಲ.

ಮಳೆ ಹಿಡಿದ ಮೇಲೆ ಕರೂರಿನ ಗಿರಣಿಯಿಂದ ಫೋನ್ ಬಂತು. ಕುಕ್ಕುವಾಡದ ರೈತರೊಬ್ಬರು ಟ್ರ್ಯಾಕ್ಟರಿನಲ್ಲಿ ಭತ್ತ ತಂದಿದ್ದರು. ತುಂಬಿದ ಗಾಡಿ ತೂಗುವಾಗ ಮೇಲೆ ಹೊದಿಸಿದ್ದ ತಾಡಪಾಲು ಒಣಗಿತ್ತು. ಭತ್ತ ಇಳಿಸುವಷ್ಟರಲ್ಲಿ ಮಳೆ ಬಂದು ತಾಡಪಾಲು ನೆನೆಯಿತು, ಟ್ರೇಲರಿನಲ್ಲಿ ನೀರು ನಿಂತಿತು. ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆಯುವುದರಿಂದ, ಖಾಲಿ ಗಾಡಿ ಭಾರವಾದಷ್ಟೂ ಭತ್ತ ಕಡಿಮೆ ಎಂದು ಲೆಕ್ಕ ಬಂತು. ಕಂಪ್ಯೂಟರ್ ಎಲ್ಲೂ ನಿಲ್ಲಿಸದೆ ತೂಕದ ಚೀಟಿ ಕೊಟ್ಟಿತು. ತನ್ನ ಭತ್ತ ಎಷ್ಟೆಂದು ಗೊತ್ತಿದ್ದ ಆ ಮನುಷ್ಯ ಮಳೆಯಲ್ಲೇ ನಿಂತು ವಾದ ಮಾಡಿದರಂತೆ. ಯಾರೂ ನಂಬಲಿಲ್ಲ. ಚೀಟಿಯನ್ನು ನಂಬಿದರು.

ನಾನು ಅಣ್ಣಾರ ಮುಂದೆ ಹೋಗಿ ನಿಂತೆ. "ಈ ನಿಯಮ ನಿಮ್ದೇ ಅಲ್ಲೇನ್ರಿ? ಕೇಳ್ಲಿಲ್ಲ ಯಾಕ?"

ಅವರು ಪರದೆ ನೋಡಿದರು. "ಮರ್ತೆ ತಂಗೀ."

"ನೀವು ಮರಿಯಾದಾ?" ಎಂದು ನಕ್ಕೆ. ಅವರೂ ನಕ್ಕರು.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ, ಬಸ್ಸಿಗೆ ಹೊರಟವರು ಬಾಗಿಲಲ್ಲೇ ಎದೆ ಹಿಡಿದು ಕೂತರು, ಮತ್ತೆ ಏಳಲಿಲ್ಲ. ಆ ನಿಯಮವನ್ನು ವಾಪಸು ಹಾಕುವ ಕೆಲಸ ಅವರ ಲ್ಯಾಪ್‌ಟಾಪಿನಲ್ಲೇ ಉಳಿಯಿತು. "ನಾನೇ ಹಾಕ್ತೀನಿ" ಎಂದು ತೆಗೆದುಕೊಂಡಿದ್ದರು.

ಲ್ಯಾಪ್‌ಟಾಪ್ ನನ್ನ ಮೇಜಿಗೆ ಬಂದ ಮೂರನೆಯ ದಿನ ಅದಕ್ಕಾಗಿ ತೆರೆದೆ. ಏಜೆಂಟಿನ ಜೊತೆ ಅವರು ಆಡಿದ ಮಾತುಗಳೆಲ್ಲ ದಿನದ ಪ್ರಕಾರ ಸಾಲಾಗಿ ಇದ್ದವು. ಪ್ರತಿ ಬೆಳಿಗ್ಗೆ ಹತ್ತೂವರೆಗೆ ಒಂದು. "ಹನ್ನೊಂದಕ್ಕೆ ಅವಳು ಬರ್ತಾಳೆ. ಅವಳು ಏನು ಬದಲಾಯಿಸಿದಾಳೆ, ಸರಳವಾಗಿ ಹೇಳು. ನಾನು ಕೇಳಬೇಕಾದ ಐದು ಪ್ರಶ್ನೆ ಕೊಡು." ಕೆಳಗೆ ಐದು ಪ್ರಶ್ನೆ. ನಾನು ಮೆಚ್ಚಿಕೊಂಡಿದ್ದ ಪ್ರಶ್ನೆಗಳು, ಅದೇ ಕ್ರಮದಲ್ಲಿ.

ಒಂದು ದಿನ ಹೀಗಿತ್ತು: "ನಿನ್ನೆ ಹೇಳಿದ್ದು ಇವತ್ತು ನೆನಪಿಲ್ಲ. ನಾನೇ ಬರೆದದ್ದು ಯಾರೋ ಬರೆದಂಗೆ ಕಾಣ್ತತಿ." ನಿಮ್ಮ ಜೊತೆ ಕೆಲಸ ಮಾಡುವವರಿಗೆ ಇದನ್ನು ಹೇಳಬಹುದಲ್ಲ, ಡಾಕ್ಟರಿಗೂ ತೋರಿಸಬಹುದು ಎಂದು ಏಜೆಂಟ್ ಉತ್ತರಿಸಿತ್ತು. ಅವರು ಬರೆದದ್ದು ಇಷ್ಟೇ: "ಅವಳಿಗೆ ಬ್ಯಾಡ."

ಒಂದು ವರ್ಷ ನಾನು ಯಾರಿಗೆ ಓದಿ ಹೇಳುತ್ತಿದ್ದೆ? ಏಜೆಂಟ್ ಬರೆದದ್ದನ್ನು ಓದಿದ್ದೇನೆ, ಏಜೆಂಟ್ ಕೊಟ್ಟ ಪ್ರಶ್ನೆಗೇ ಉತ್ತರಿಸಿದ್ದೇನೆ. ನಡುವೆ ಅವರು ಟೀ ಲೋಟ ಹಿಡಿದು ಕೂತಿದ್ದರು. ಏಜೆಂಟಿಗೆ ತಾಡಪಾಲಿನ ವಿಷಯ ಗೊತ್ತಿರಲಿಲ್ಲ, ಹಾಗಾಗಿ ಅವರ ಚೀಟಿಯಲ್ಲೂ ಇರಲಿಲ್ಲ.

ಭಾನುವಾರ ಹರಿಹರಕ್ಕೆ ಹೋದೆ. ಅವರ ಹೆಂಡತಿ ಬಾಗಿಲು ತೆರೆದು, "ಬಾರವ್ವ, ಕೂಡು" ಎಂದರು. ನಾನು ಸುತ್ತಿ ಬಳಸದೆ ಕೇಳಿದೆ.

"ಅಕ್ಕಾ, ಅವರಿಗೆ ಮರೆವು ಇದ್ದದ್ದು ನಿಮಗೆ ಗೊತ್ತಿತ್ತಾ?"

ಅವರು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. "ಗೊತ್ತಿತ್ತು. ಎರಡು ಸಲ ಇಳಿಯೋ ಸ್ಟಾಪ್ ಬಿಟ್ಟು ಮುಂದಕ್ಕೆ ಹೋಗಿದ್ರು. ನಿನಗೆ ಹೇಳಂಗಿಲ್ಲ ಅಂತ ಮಾತು ತಗಂಡಿದ್ರು."

"ನನಗೊಬ್ಬಳಿಗೇ ಯಾಕ?"

"ಹನ್ನೊಂದು ಗಂಟೆಗೆ ನೀನು ಪಾಠ ಒಪ್ಪಿಸೋರಂಗೆ ಬಂದು ಕೂರ್ತಿದ್ದೆಯಲ್ಲವ್ವ. ಅದು ಹೋಗಬಾರ್ದು ಅನ್ನೋರು."

ಅವರು ಸಮಾಧಾನಕ್ಕೆ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಹೆಂಡತಿಗೆ ಗೊತ್ತಿತ್ತು, ಯಂತ್ರಕ್ಕೆ ಗೊತ್ತಿತ್ತು. ಹೇಳಿದ್ದರೆ ನಾನು ನಿಧಾನವಾಗಿ ಓದುತ್ತಿದ್ದೆ, ಒಂದೇ ಸಾಲನ್ನು ನಾಲ್ಕು ಸಲ ಓದುತ್ತಿದ್ದೆ. ಆ ನಿಯಮವನ್ನು ಮುಟ್ಟುತ್ತಿರಲಿಲ್ಲ. ತೀರಿಕೊಂಡವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ವಾಪಸು ಬರುವ ಬಸ್ಸಿನಲ್ಲಿ ಶಾಮನೂರು ಬರುವವರೆಗೂ ಸಿಟ್ಟಿನಲ್ಲೇ ಇದ್ದೆ. ಈಗಲೂ ಪೂರ್ತಿ ಹೋಗಿಲ್ಲ.

ಸೋಮವಾರ ನಿಯಮವನ್ನು ವಾಪಸು ಹಾಕಿದೆ. ಏಜೆಂಟಿಗೆ ಹೇಳದೆ ನಾನೇ ಬರೆದೆ. ಮೇಲೆ ತಾಡಪಾಲಿನ ಕಾರಣವನ್ನೂ ಬರೆದೆ. ಹನ್ನೊಂದಕ್ಕೆ ಟೀ ಬಂತು. ಓದಿ ಹೇಳಲು ಯಾರೂ ಇರಲಿಲ್ಲ. ಕರೂರಿನ ಆ ವೇಬ್ರಿಡ್ಜ್ ಆಪರೇಟರಿಗೆ ಫೋನ್ ಮಾಡಿ, "ಎರಡು ನಿಮಿಷ ಕೇಳಿಸ್ಕಳ್ರಿ" ಎಂದು ಓದಿದೆ.

ಫೋನಿನಲ್ಲಿ ಅವರ ಹಿಂದೆ ಯಾವುದೋ ಲಾರಿಯ ಹಾರನ್ ಕೇಳುತ್ತಿತ್ತು.

"ಸರಿ ಐತಲ್ಲ ಮೇಡಂ. ಮತ್ತೆ ಮೊದಲು ಯಾಕ ತೆಗೆದ್ರಿ?"

ಒಂದು ವರ್ಷದಲ್ಲಿ ಚೀಟಿಯಿಲ್ಲದೆ ನನ್ನನ್ನು ಕೇಳಿದ ಮೊದಲ 'ಯಾಕ' ಅದು.

"ಯಾರಾದ್ರೂ ಕೇಳ್ತಾರೆ ಅಂದ್ಕಂಡಿದ್ದೆ" ಎಂದೆ.

"ಕುಕ್ಕುವಾಡದ ಗೌಡ್ರು ಇನ್ನೂ ಸಿಟ್ಟಿನಾಗದಾರೆ" ಎಂದರು ಅವರು. "ಅವರಿಗೂ ಇದನ್ನ ಒಂದ್ಸಲ ಓದಿ ಹೇಳ್ರಿ."

ನಂಬರ್ ಬರೆದುಕೊಳ್ಳಲು ಕಾಗದ ಹುಡುಕಿದೆ. ಲ್ಯಾಪ್‌ಟಾಪಿನ ಚೀಲದಲ್ಲಿ ಅಣ್ಣಾರು ಮಡಚಿದ ಚೀಟಿಯೊಂದಿತ್ತು. ಬಿಚ್ಚಿ ಓದಲಿಲ್ಲ. ಅದರ ಖಾಲಿ ಬೆನ್ನಿನ ಮೇಲೆ ರೈತರ ನಂಬರ್ ಬರೆದುಕೊಂಡೆ.