ಎಣಿಕೆಗೆ ಬಾರದ ನಾಲ್ಕು ದಿನ

2009ರಲ್ಲಿ ನಾನು ರಾಜಗೋಪಾಲನಗರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದೆ. ಓದಿದ್ದು ಮೂರನೇ ಕ್ಲಾಸು. ಬಂದ ಹೆಂಗಸರ ತೂಕ ನೋಡಿ, ಕೊನೆಯ ಸಲ ಮುಟ್ಟಾದ ತಾರೀಖು ಕೇಳಿ, ಚೀಟಿಯಲ್ಲಿ ಬರೆದು ಡಾಕ್ಟರಮ್ಮನ ಬಳಿ ಕಳಿಸುವುದು ನನ್ನ ಕೆಲಸ. ಅಂಕಿ ಬರೆಯಲು ಅಷ್ಟು ಓದು ಸಾಕಿತ್ತು.

ಗದಗದ ಕಡೆಯ ರೇಣುಕಾ ಒಂದೂವರೆ ವರ್ಷದಿಂದ ಬರುತ್ತಿದ್ದಳು. ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು. ಗಂಡ ಮಂಜುನಾಥ ಪೀಣ್ಯದಲ್ಲಿ ಲೇತ್ ಆಪರೇಟರ್. ಮದುವೆಯಾಗಿ ನಾಲ್ಕು ವರ್ಷವಾದರೂ ಬಸಿರಿಲ್ಲ. ರಕ್ತ, ಸ್ಕ್ಯಾನಿಂಗ್, ಗಂಡನ ಟೆಸ್ಟು ಎಲ್ಲವೂ ನಾರ್ಮಲ್. ಓವ್ಯುಲೇಷನ್, ಅಂದರೆ ಅಂಡ ಹೊರಬರುವ ಹೊತ್ತು, ತಪ್ಪಬಾರದೆಂದು ಡಾಕ್ಟರಮ್ಮ ಲೆಕ್ಕ ಹೇಳಿಕೊಟ್ಟಿದ್ದರು: ಮುಟ್ಟಿನ ಒಂದನೇ ದಿನದಿಂದ ಎಣಿಸಿ, ಹನ್ನೊಂದರಿಂದ ಹದಿನೈದರವರೆಗೆ ಒಟ್ಟಿಗಿರಬೇಕು. ಇಬ್ಬರೂ ಒಂದು ತಿಂಗಳೂ ತಪ್ಪಿಸಲಿಲ್ಲ.

“ಆ ದಿನಾ ನೈಟ್ ಶಿಫ್ಟ್ ತಪ್ಪಸಾಕ ತಿಂಗಳಿಗೊಂದ ಅಜ್ಜೀನ್ನ ಸಾಯಸೇನ್ರೀ ಅಮ್ಮಾರ,” ಎಂದು ಮಂಜುನಾಥ ಒಮ್ಮೆ ನಕ್ಕ. “ನಿಮ್ಮಪ್ಪಗ ಎಷ್ಟ್ ಮಂದಿ ಅವ್ವಂದಿರೋ ಅಂತ ಸೂಪರ್‌ವೈಸರ್ ಕೇಳಾಕತ್ತಾನ.”

ರೇಣುಕಾ ನಗಲಿಲ್ಲ.

ಕೊನೆಗೆ ಡಾಕ್ಟರಮ್ಮ ಲ್ಯಾಪರೋಸ್ಕೋಪಿ ಮಾಡೋಣ ಎಂದರು. ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ನೋಡುವುದು. ಅದಕ್ಕೆ ಮೊದಲಿನ ತಪಾಸಣೆಗೆ ರೇಣುಕಾ ಒಬ್ಬಳೇ ಬಂದಳು.

“ಇದರಾಗೂ ಏನೂ ತಿಳೀಲಿಲ್ಲಂದ್ರ ನಾ ಊರಿಗೆ ಹೋಗಿಬಿಡ್ತೀನ್ರೀ. ಅವ್ರು ಬ್ಯಾರೆ ಲಗ್ನ ಆಗ್ಲಿ.”

“ಸುಮ್ಕಿರಮ್ಮಿ. ಮುಟ್ಟಾದ ತಾರೀಖು ಹೇಳು.”

“ಒಂಬತ್ತು.”

ನನ್ನ ಕೈ ನಿಂತಿತು. ಆ ತಿಂಗಳ ಐದರಂದು ರಕ್ತ ಪರೀಕ್ಷೆಗೆ ಬಂದವಳು ನಮ್ಮ ಬಾತ್‌ರೂಮಿನಲ್ಲೇ ಮುಟ್ಟಾಗಿದ್ದಳು. ಅವಳ ಅಳು ನಿಲ್ಲುವವರೆಗೆ ಬಾಗಿಲ ಹೊರಗೆ ನಿಂತಿದ್ದವಳು ನಾನು.

“ಐದಕ್ಕೆ ನನ್ ಕೈಯಿಂದಾನೇ ಪ್ಯಾಡ್ ಇಸ್ಕೊಂಡೆ. ಈಗ ಒಂಬತ್ತು ಅಂತೀಯಾ?”

“ಅವು ಮೈಲಿಗಿ ದಿನಾರೀ. ಅವನ್ನ ಯಾರರ ಎಣಸ್ತಾರೇನು? ತಲಿಮ್ಯಾಲ ನೀರು ಹಾಕ್ಕೊಂಡಿದ್ದು ಒಂಬತ್ತಕ್ಕ. ಅದ ಒಂದನೇ ದಿನಾ.”

ಅಂದರೆ ಪ್ರತಿ ತಿಂಗಳೂ ನಾಲ್ಕು ದಿನ ತಡ. ಅಂಡ ಬಂದು ಸತ್ತುಹೋದ ಮೇಲೆ ಮಂಜುನಾಥ ರಜೆ ಹಾಕುತ್ತಿದ್ದ. ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಕೇಳಿ ಪೆನ್ನು ಕೆಳಗಿಟ್ಟರು.

“ನಾನು ಕೇಳ್ಬೇಕಿತ್ತು,” ಎಂದರು. ನಾನೂ ಕೇಳಿರಲಿಲ್ಲ. ಒಂದೂವರೆ ವರ್ಷ ಅವಳು ಹೇಳಿದ ಅಂಕಿಯನ್ನೇ ಬರೆದಿದ್ದೆ.

ಲ್ಯಾಪರೋಸ್ಕೋಪಿ ಮುಂದೂಡಿ, ಮುಟ್ಟು ಕಂಡ ದಿನದಿಂದಲೇ ಎಣಿಸಲು ಡಾಕ್ಟರಮ್ಮ ಹೇಳಿದರು. ಮೂರನೇ ತಿಂಗಳು ಒಂದು ಮಧ್ಯಾಹ್ನ ಮಂಜುನಾಥ ಗ್ರೀಸ್ ಮೆತ್ತಿದ ಯೂನಿಫಾರ್ಮಿನಲ್ಲೇ ಬಂದ.

“ಟೆಸ್ಟಿನ್ಯಾಗ ಎರಡ ಗೆರಿ ಬಂದಾವ್ರೀ. ಆಕಿ ಹೊರಗ ನಿಂತಾಳ. ಒಳಗ ಬರಾಕ ಅಂಜಾಕತ್ತಾಳ.”

ಗೇಟಿಗೆ ಹೋಗಿ, “ಬಿಸ್ಲಾಗ್ ಯಾಕಮ್ಮಿ ನಿಂತೆ? ಬಾ,” ಎಂದು ಗದರಿದೆ. ಡಾಕ್ಟರಮ್ಮ ನೋಡಿ ಮುಗಿಸುವವರೆಗೂ ಅವಳು ನನ್ನ ಸೆರಗು ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.

ಲೆಕ್ಕ ಸರಿಯಿದ್ದೂ ಬಸಿರಾಗದವರನ್ನು ಬಹಳ ಕಂಡಿದ್ದೇನೆ. ಅವರಿಗೆ ಈ ಕಥೆ ಹೇಳಿ ಆಸೆ ಹುಟ್ಟಿಸುವವಳಲ್ಲ ನಾನು. ಆದರೆ ಅಂದಿನಿಂದ ಕೆಲಸ ಬಿಡುವವರೆಗೆ ಯಾರನ್ನೂ ಬರೀ ತಾರೀಖು ಕೇಳಲಿಲ್ಲ. ಕ್ಯಾಲೆಂಡರ್ ಮುಂದಿಟ್ಟು, “ಬಟ್ಟೆ ಮೊದ್ಲು ಕಲೆಯಾಗಿದ್ದು ಯಾವತ್ತು, ಬೆರಳಿಟ್ಟು ತೋರ್ಸು,” ಎನ್ನುತ್ತಿದ್ದೆ. ನಾಚಿಕೊಂಡವರಿದ್ದಾರೆ, ಬೈದವರೂ ಇದ್ದಾರೆ. ತೋರಿಸುವವರೆಗೆ ಒಳಗೆ ಬಿಡುತ್ತಿರಲಿಲ್ಲ.